ಲೋಬಾನ ಮತ್ತು ಎಂಟಿಂಚಿನ ಫ್ಯಾನು

ಎಂಟಿಂಚಿನ ಎಕ್ಸಾಸ್ಟ್ ಫ್ಯಾನನ್ನು ಎದೆಗೆ ಅವುಚಿಕೊಂಡು ನಾನು ಸ್ಟೂಲಿನ ತುದಿಯಲ್ಲಿ ಒಂದೇ ಕಾಲಿನ ಮೇಲೆ ನಿಂತಿದ್ದೆ. ಇನ್ನೊಂದು ಕಾಲು ನಲ್ಲಿಯ ಮೇಲಿತ್ತು. ಬಚ್ಚಲ ಗೋಡೆಗೆ, ಮಾಳಿಗೆಯ ಕೆಳಗೆ, ನಾನೇ ಕೊರೆದ ತೂತು ದುಂಡಗಿರಬೇಕಿತ್ತು. ಅದು ಜಿಲ್ಲೆಯ ನಕ್ಷೆಯಂತೆ ಎಲ್ಲೆಲ್ಲೋ ಚಾಚಿಕೊಂಡಿತ್ತು.

"ಕೂಸು ಹಿಡಕಂಡಂಗ ಹಿಡಕಂಡಾನ ನೋಡು," ಎಂದಳು ಬಾಗಿಲಲ್ಲಿ ನಿಂತಿದ್ದ ಜಂಬಕ್ಕಜ್ಜಿ. "ಅದಕ್ಕೂ ಒಂದು ಕುಲಾವಿ ಹೊಲಿಸ್ಲೇನು?"

"ಸುಮ್ನಿರಜ್ಜಿ. ಸ್ಕ್ರೂ ಕೊಡು, ಉದ್ದಂದು."

ಅವಳು ಗಿಡ್ಡದ್ದು ಕೊಟ್ಟಳು. ಬಗ್ಗಿ ಇನ್ನೊಂದು ಕೇಳಿದರೆ ಬೀಳುತ್ತೇನೆಂದು ನಾನು ಅದನ್ನೇ ತಿರುಗಿಸಿದೆ.

"ತೇವ ಆರಾಕ ಇಷ್ಟು ದೊಡ್ಡ ಕಿಂಡಿ ಬೇಕೇನಲೇ ಪ್ರವೀಣ?"

"ಬೇಕು," ಎಂದೆ. ಅದು ಸುಳ್ಳು. ಬಚ್ಚಲ ತೇವಕ್ಕೂ ಫ್ಯಾನಿಗೂ ಸಂಬಂಧವಿರಲಿಲ್ಲ.

ತಂಗಿ ಸೌಭಾಗ್ಯ ಚೊಚ್ಚಲ ಬಾಣಂತನಕ್ಕೆ ಹಡಗಲಿಯಿಂದ ಕೊಟ್ಟೂರಿನ ನಮ್ಮ ಮನೆಗೆ ಬಂದಿದ್ದಳು. ದಿನಾ ಬೆಳಿಗ್ಗೆ ಅಜ್ಜಿ ತಾಯಿಗೂ ಕೂಸಿಗೂ ಎರೆಯುತ್ತಿದ್ದಳು. ಆಮೇಲೆ ಬಚ್ಚಲ ಬಾಗಿಲು ಮುಚ್ಚಿ, ಹಂಚಿನಲ್ಲಿಟ್ಟ ಕೆಂಡದ ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ಆ ಹೊಗೆಯಲ್ಲಿ ಕೂಸನ್ನು ಅತ್ತಿತ್ತ ತೂಗುತ್ತಿದ್ದಳು. ಶೀತ, ಕಫ, ಕಣ್ಣುದೃಷ್ಟಿ ಮೂರೂ ಹೋಗುತ್ತವೆಂದು ಅವಳ ಲೆಕ್ಕ. ಕೂಸಿನ ಎದೆ ಮಾತ್ರ ದಿನದಿಂದ ದಿನಕ್ಕೆ ಗೊರಗೊರ ಎನ್ನುತ್ತಿತ್ತು. ಹೊಸಪೇಟೆಯ ಮಕ್ಕಳ ಡಾಕ್ಟರು ಸ್ಟೆತಾಸ್ಕೋಪು ಇಟ್ಟು ಕೇಳಿ, "ಹೊಗೆ ಹಾಕ್ತೀರಲ್ಲ? ಇವತ್ತಿಂದಲೇ ನಿಲ್ಲಿಸಿ" ಎಂದಿದ್ದರು.

ಅಜ್ಜಿಗೆ ಅದನ್ನು ಹೇಳುವವರು ಯಾರು? ಅವ್ವ ಅಂಗನವಾಡಿ ಟೀಚರು. ಓಣಿಯ ಬಾಣಂತಿಯರಿಗೆಲ್ಲ ಹೊಗೆ ಹಾಕಬೇಡಿರೆಂದು ಚಾರ್ಟು ತೋರಿಸಿ ಹೇಳುವವಳು. ಮನೆಯಲ್ಲಿ ಮಾತ್ರ, "ನಮ್ಮತ್ತಿಗೆ ನಾ ಹೇಳಂಗಿಲ್ಲಪ, ಬೇಕಾದ್ರ ಚಾರ್ಟ್ ಕೊಡ್ತೀನಿ" ಎಂದು ಡ್ಯೂಟಿಗೆ ಹೋದಳು. ಸೌಭಾಗ್ಯ ನನ್ನನ್ನು ಅಡುಗೆಮನೆಗೆ ಕರೆದು ಪಿಸುಮಾತಿನಲ್ಲಿ ಹೇಳಿದಳು:

"ಅಣ್ಣ, ನೀವು ಯಾರಾದ್ರೂ ಅಜ್ಜಿಗೆ ಹೇಳ್ರಿ. ಹೊಗಿ ನಿಲ್ಲದಿದ್ರ ಐತವಾರ ಅವರು ಬಂದಾಗ ಕೂಸು ಕರಕಂಡು ಹಡಗಲಿಗೆ ಹೋಗಿಬಿಡ್ತೀನಿ."

'ಅವರು' ಎಂದರೆ ಅವಳ ಗಂಡ ಚನ್ನಬಸವ. ಐದು ತಿಂಗಳು ತುಂಬುವ ಮೊದಲೇ ಕೂಸು ಈ ಹೊಸ್ತಿಲು ದಾಟಿದರೆ ಅಜ್ಜಿ ಊಟ ಬಿಡುತ್ತಾಳೆಂಬುದು ನಮಗೆಲ್ಲ ಗೊತ್ತಿತ್ತು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಯೋಚಿಸಿದೆ. ಅಜ್ಜಿ ಹೊಗೆ ಹಾಕಲಿ, ಫ್ಯಾನು ಅದನ್ನು ಎಳೆದು ಹೊರಗೆ ಬಿಡಲಿ, ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಉಪಾಯ ಹೊಳೆದಾಗ ನನ್ನ ಬಗ್ಗೆ ನನಗೇ ಗೌರವ ಬಂತು. ಅಜ್ಜಿಗೆ 'ಬ್ಯಾಡ' ಎನ್ನುವುದಕ್ಕಿಂತ ಗೋಡೆ ಒಡೆಯುವುದೇ ನನಗೆ ಸುಲಭವಾಗಿತ್ತು. ಕೆಲಸ ಮುಗಿಯುವವರೆಗೆ ಕೂಸಿನ ಮೈ ಒದ್ದೆ ಬಟ್ಟೆಯಲ್ಲಿ ಒರೆಸುವುದೆಂದು ತಂಗಿ ಒಪ್ಪಿದಳು. ಅಜ್ಜಿ ಗೊಣಗಿದಳು.

ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು. ಮರುಕ್ಷಣ ಹಿತ್ತಲಿನ ಹಂಡೆ ಒಲೆಯ ಬೂದಿ, ಮೆಕ್ಕೆಜೋಳದ ಬೆಂಡಿನ ಹೊಗೆ ಎಲ್ಲ ಕಿಂಡಿಯಿಂದ ಒಳಗೆ ನುಗ್ಗಿ ನನ್ನ ಮುಖಕ್ಕೂ ಅಜ್ಜಿಯ ಮಡಿ ಸೀರೆಗೂ ಬಡಿಯಿತು. ಹಿಂದುಮುಂದು ಕೂರಿಸಿದ್ದೆ.

ಅಜ್ಜಿ ಬೂದಿ ಒರೆಸಿಕೊಂಡು ಒಂದು ಗಳಿಗೆ ನೋಡಿದಳು. "ಚಲೋ ಆತು ಬಿಡು. ಹಿತ್ತಲ ಹೊಗಿನೂ ಒಳಗ ಬಂತು. ಲೋಬಾನ ಉಳೀತು."

ಪಡಸಾಲೆಯಿಂದ ಸೌಭಾಗ್ಯಳ ನಗು ಕೇಳಿತು. "ನಮ್ಮಣ್ಣಗ ಸಣ್ಣಾವಿದ್ದಾಗ ಹೊಗಿ ಜಾಸ್ತಿ ಆಗ್ಯಾದಜ್ಜಿ."

ಬಿಚ್ಚಿದೆ. ತಿರುಗಿಸಿ ಕೂರಿಸಿದೆ. ಸಂದಿಗೆ ಸಿಮೆಂಟು ಮೆತ್ತಿದೆ. ಶನಿವಾರ ಕಾಲೇಜಿನಿಂದ ಬಂದವನೇ ಫ್ಯಾನು ಪರೀಕ್ಷಿಸಲು ಬಚ್ಚಲಲ್ಲಿ ಕುಳಿತೆ. ಅಜ್ಜಿ ಹಂಚು ಹೊತ್ತಿಸಿಕೊಟ್ಟು, ಹೊರಗಿನಿಂದ ಬಾಗಿಲು ಎಳೆದಳು. ಬಾಗಿಲ ಬುಡದಲ್ಲಿ ಅವಳು ಏನೋ ಸರಪರ ಮಾಡಿದಳು. ನಾನು ಮೇಲೆ ನೋಡುತ್ತಿದ್ದೆ. ಫ್ಯಾನು ಭರ್ರೆನ್ನುತ್ತಿತ್ತು. ಹೊಗೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಕಿಂಡಿಯ ಹೊರಗಿನ ಮುಚ್ಚಳದ ಪ್ಲಾಸ್ಟಿಕ್ ರೆಕ್ಕೆಗಳು ಮುದುಕನ ಕಣ್ಣೆವೆಯಂತೆ ಅರ್ಧ ತೆರೆದು ಅದುರುತ್ತಿದ್ದವು. ಕೆಮ್ಮುತ್ತ ಹೊರಬಿದ್ದೆ.

"ಹೆಂಗಿತ್ತು?" ಎಂದಳು ಅಜ್ಜಿ. "ಎದಿ ಹಗುರ ಆತಿಲ್ಲ?"

ಎಲೆಕ್ಟ್ರಿಶಿಯನ್ ಮೌನೇಶನಿಗೆ ಫೋನು ಮಾಡಿದೆ. ಅವನು ನೋಡದೆಯೇ, "ಕೆಪಾಸಿಟರ್ ವೀಕ್ ಆಗ್ಯಾದ್ರಿ ಸರ್" ಎಂದ. ಹೊಸದು ಹಾಕಿದೆ. ಬಾಗಿಲು ತೆರೆದಿಟ್ಟು ಫ್ಯಾನಿನ ಜಾಲರಿಗೆ ಪೇಪರ್ ಹಿಡಿದರೆ ಅಂಟಿಕೊಂಡಿತು. ಅಜ್ಜಿಯನ್ನು ಕರೆದು, ಮತ್ತೆ ಹೊಗೆ ಹಾಕಿಸಿ ಬಾಗಿಲು ಮುಚ್ಚಿಸಿದೆ. ಪೇಪರ್ ನನ್ನ ತಲೆಯ ಮೇಲೆ ಬಿತ್ತು. ಮೌನೇಶ ಈ ಸಲ, "ಮೋಟರೇ ಡೌಟ್ ಐತ್ರಿ" ಎಂದ. ಬಿಚ್ಚಿ ಅವನ ಅಂಗಡಿಗೆ ಒಯ್ದೆ. ಅಲ್ಲಿ ಅದು ಅವನ ಬಿಲ್ಲು ಪುಸ್ತಕದ ಹಾಳೆಗಳನ್ನೆಲ್ಲ ಹಾರಿಸಿತು. ಮನೆಗೆ ತಂದು ಹಾಕಿದರೆ ಅದೇ ಹಾಡು. ಫ್ಯಾನಿಗೆ ನಮ್ಮ ಮನೆಯ ಮೇಲೇ ಏನೋ ಸಿಟ್ಟಿದ್ದಂತಿತ್ತು.

ಐತವಾರ ಬೆಳಿಗ್ಗೆ ಸೌಭಾಗ್ಯಳ ಬ್ಯಾಗು ತಲೆಬಾಗಿಲ ಹತ್ತಿರ ಬಂದು ಕುಳಿತಿತ್ತು. ಚನ್ನಬಸವ ಹಡಗಲಿ ಬಿಟ್ಟಿದ್ದೇನೆಂದು ಫೋನು ಮಾಡಿದ್ದ. ಅಜ್ಜಿ ಬ್ಯಾಗು ನೋಡಿದಳು. ಹಂಡೆಯ ಕೆಳಗೆ ಇನ್ನಷ್ಟು ಬೆಂಡು ತುರುಕಿದಳು.

"ಅಜ್ಜಿ, ಇವತ್ತು ನೀನೂ ಒಳಗ ಬಾ. ನೀ ದಿನಾ ಹೆಂಗ ಮಾಡ್ತಿ, ಹಂಗ ಮಾಡು. ನಾ ನೋಡ್ತೀನಿ," ಎಂದೆ.

ಅವಳು ಒಳಗೆ ಬಂದು ಹಂಚು ಇಟ್ಟಳು. ಬಾಗಿಲು ಹಾಕಿದಳು. ಆಮೇಲೆ ಗೂಟದ ಮೇಲಿದ್ದ ಹಳೆಯ ಸೀರೆಯೊಂದನ್ನು ತೆಗೆದು, ಉದ್ದಕ್ಕೆ ಹುರಿ ಮಾಡಿ, ಬಾಗಿಲ ಕೆಳಗಿನ ಸಂದಿಗೆ ಕಾಲಿನ ಹೆಬ್ಬೆರಳಿನಿಂದ ತುರುಕತೊಡಗಿದಳು. ಒಂದು ಎಳೆ ಬೆಳಕೂ ಕಾಣದಂತೆ ತುರುಕಿದಳು.

"ಅದ್ಯಾಕ?"

"ಗಾಳಿ ಸೋಕಬಾರ್ದಲೇ, ಬಾಣಂತಿ ಮೈಗೆ. ಇಷ್ಟೂ ತಿಳಿಯಂಗಿಲ್ಲ, ಮಕ್ಕಳಿಗೆ ಏನು ಕಲಿಸ್ತೀ?"

ನಾನು ಮಕ್ಕಳಿಗೆ ಕಲಿಸುವುದು ಗಾಳಿಯ ಒತ್ತಡವನ್ನು. ಮುಚ್ಚಿದ ಕೋಣೆಯೊಳಗೆ ಗಾಳಿ ಬರದಿದ್ದರೆ ಒಳಗಿನದು ಹೊರಗೆ ಹೋಗುವುದಿಲ್ಲವೆಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತೇನೆ. ಬಾಣಗಳು ತುಂಬ ಚೆನ್ನಾಗಿರುತ್ತವೆಂದು ಪ್ರಿನ್ಸಿಪಾಲರು ಹೊಗಳಿದ್ದಾರೆ.

ಬಗ್ಗಿ ಸೀರೆಯನ್ನು ಎಳೆದು ಹಾಕಿದೆ. ಫ್ಯಾನಿನ ದನಿಯೇ ಬದಲಾಯಿತು. ರೆಕ್ಕೆಗಳು ಪಟಪಟ ತೆರೆದವು. ಹೊಗೆ ಕುತ್ತಿಗೆ ತಿರುಗಿಸಿ, ಕುರಿಮಂದೆಯಂತೆ ಒಂದರ ಹಿಂದೊಂದು ಕಿಂಡಿಯಲ್ಲಿ ನುಗ್ಗಿ ಹೋಯಿತು. ಬಚ್ಚಲು ನಿಚ್ಚಳವಾಯಿತು. ಸಂತೋಷದಲ್ಲಿ ನನ್ನ ಬಾಯಿ ಜಾರಿತು.

"ಇನ್ನ ನೀ ಎಷ್ಟಾರ ಹೊಗಿ ಹಾಕಜ್ಜಿ. ಕೂಸಿಗೆ ಒಂಚೂರೂ ತಟ್ಟಂಗಿಲ್ಲ."

ಅಜ್ಜಿ ಫ್ಯಾನು ನೋಡಿದಳು, ನನ್ನನ್ನು ನೋಡಿದಳು.

"ಹಂಗಾದ್ರ ಇದು ತೇವಕ್ಕಲ್ಲ."

ನಾನು ಸೀರೆ ಮಡಚತೊಡಗಿದೆ.

"ನಾ ಹಾಕಿದ ಹೊಗಿ ಕದ್ದು ಹೊರಗ ಚೆಲ್ಲಾಕ ಇದನ್ನ ಕುಂದರ್ಸೀ. ಯಾರು ಹೇಳಿದ್ರು?"

"ಡಾಕ್ಟ್ರು," ಎಂದೆ. ಅದು ಸಾಲದೆಂದು ಅವಳ ಕಣ್ಣು ಹೇಳಿತು. ಭೌತಶಾಸ್ತ್ರದ ಮೇಷ್ಟ್ರ ಬೆರಳು ತಾನಾಗಿ ಪಡಸಾಲೆಯ ಕಡೆ, ತಂಗಿಯ ಕಡೆ ತಿರುಗಿತು.

ಅಜ್ಜಿ ಹಂಚನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಸೌಭಾಗ್ಯ ತಲೆ ಎತ್ತಿದಳು. ಕೂಸಿನ ಎದೆಯ ಗೊರಗೊರ ಬಾಗಿಲಲ್ಲಿದ್ದ ನನಗೂ ಕೇಳುತ್ತಿತ್ತು. ಅಜ್ಜಿಗೂ ಕೇಳಿರಬೇಕು. ಅವಳು ಹಂಚನ್ನು ಕೂಸಿನಿಂದ ದೂರ ಸರಿಸಿ ಹಿಡಿದಳು.

"ಸೌಭಾಗಿ, ನನಗ್ಯಾಕ ಹೇಳಲಿಲ್ಲ?"

"ಅಂಜಿಕಿ ಆತು."

"ಬಾ, ಎರಿತೀನಿ. ಎಂದಿನಷ್ಟು ಬ್ಯಾಡ, ಒಂದು ಚಿಟಿಕಿ ಹಾಕ್ತೀನಿ. ಇವನ ಫ್ಯಾನೂ ತಿರುಗ್ಲಿ. ಬಾಗ್ಲಾನೂ ತೆರದಿರ್ಲಿ."

ಬಾಗಿಲು ತೆರೆದಿಟ್ಟು ಬಾಣಂತಿಗೆ ಎರೆಯುತ್ತೇನೆಂದು ಜಂಬಕ್ಕಜ್ಜಿ ಹೇಳಿದ್ದು ಬಹುಶಃ ಅದೇ ಮೊದಲು. ನಾನು ಬಾಗಿಲಲ್ಲಿ ನಿಂತು, ಒಪ್ಪಿಕೋ ಎಂದು ತಂಗಿಗೆ ಕಣ್ಸನ್ನೆ ಮಾಡಿದೆ. ಅವಳು ನನ್ನನ್ನು ನೋಡಲಿಲ್ಲ.

"ನೀ ಎರಿ ಅಜ್ಜಿ. ನೀ ಎರದ್ರ ಐದು ತಿಂಗಳೂ ಇಲ್ಲೇ ಇರ್ತೀನಿ. ಹೊಗಿ ಬ್ಯಾಡ."

ಅಜ್ಜಿ ಹಂಚನ್ನು ಅಂಗಳದ ಕಲ್ಲಿನ ಮೇಲಿಟ್ಟಳು. ಬಚ್ಚಲೊಳಗೆ ಹೋಗಿ ಕಾಲು ಚಾಚಿ ಕುಳಿತು ಎರಡೂ ಕೈ ನೀಡಿದಳು. ಸೌಭಾಗ್ಯ ಕೂಸನ್ನು ತಂದು ಅವಳ ಕಾಲ ಮೇಲೆ ಮಲಗಿಸಿದಳು. ಮೊದಲ ತಂಬಿಗೆ ನೀರು ಬಿದ್ದಾಗ ಕೂಸು ಕಿರುಚಿತು.

"ಒಂದ ಕಾಳು ಲೋಬಾನ," ಎಂದಳು ಅಜ್ಜಿ, ಕೂಸಿನ ಬೆನ್ನು ತಿಕ್ಕುತ್ತ. "ವಾಸನಿಗೆ."

"ಒಲ್ಲೆ," ಎಂದಳು ಸೌಭಾಗ್ಯ.