ಎಮ್ಮಿ ಬತ್ತಿರಲಿಲ್ಲ

ಅವ್ವಂದಿರಾ, ಅಕ್ಕಂದಿರಾ, ಮೊದಲ ಒಂದ ಮಾತ ಕೇಳ್ತೇನಿ. ಮುಂಜಾನೆ ಎದ್ದ ಕೂಡಲೇ ತಲಿ ಸೀಳಾಕತ್ತೈತಿ ಅಂತ ಹಣಿಗೆ ಅರಿವಿ ಬಿಗದ ಕಟ್ಕೊಂಡು, ಒಲಿ ಮುಂದ ಕುಂತು ಚಹಾ ಯಾವಾಗ ಕುದೀತೈತಿ ಅಂತ ಕಾಯವ್ರು ನಿಮ್ಮ ಮನ್ಯಾಗೂ ಅದಾರಲ್ಲ? ನಮ್ಮ ಮನ್ಯಾಗ ಮೂರೂ ಮಂದಿ ಹಂಗ ಇದ್ವಿ. ನಮ್ಮತ್ತಿ ಅಕ್ಕವ್ವ, ನಮ್ಮ ಮನಿಯವರು, ನಾನು. ನಾ ಚನ್ನವ್ವ, ಕೌಜಲಗಿಯಾಕಿ. ಈ ಕಥಿ ಹೇಳಾಕ ನನಗ ನಾಚಿಕಿ ಬರ್ತೈತಿ. ಆದ್ರ ಹೇಳದಿದ್ರ ಇನ್ನೊಂದ ಮನ್ಯಾಗ ಇದ ಆಗತೈತಿ, ಅದಕ್ಕ ಹೇಳ್ತೇನಿ.

ಎರಡು ವರ್ಷದ ಹಿಂದ ನಮಗ ಚಹಾದ ರುಚಿ ಗೊತ್ತಿದ್ದಿಲ್ಲ. ಮೂಡಲಗಿ ಸಂತ್ಯಾಗ ಚಹಾ ಮಾರವರದೊಂದು ಗಾಡಿ ಬಂದು ನಿಂತು, ಬಂದ ಬಂದವರಿಗೆಲ್ಲಾ ಪುಕ್ಕಟ ಕುಡಿಸಿದ್ರು. ಹ್ಯಾಂಗ ಕುದಿಸೂದು, ಎಷ್ಟ ಹಾಲ ಹಾಕೂದು, ಎಲ್ಲಾ ತೋರಿಸಿ ಕೊಟ್ರು. ಮೂರು ಸಂತಿ ಪುಕ್ಕಟ ಕುಡದ್ವಿ. ನಾಕನೇ ಸಂತಿಗೆ ಗಾಡಿ ಬರಲಿಲ್ಲ, ನಮಗ ತಡಕೊಳ್ಳಾಕ ಆಗಲಿಲ್ಲ, ಮನಿಯವರು ಅಂಗಡ್ಯಾಗ ಪುಡಿ ಕಟ್ಟಿಸ್ಕೊಂಡ ಬಂದ್ರು. ಮೊದಲ ದಿನಕ್ಕೊಮ್ಮೆ ಇತ್ತು, ಆಮ್ಯಾಲ ಎರಡ ಸಲ ಆತು, ಆಮ್ಯಾಲ ಎಣಿಸೂದ ಬಿಟ್ವಿ. ಲಿಂಗಪೂಜಿ ಆಗದ ಹನಿ ನೀರ ಮುಟ್ಟದ ನಮ್ಮತ್ತಿ, ಪೂಜಿಗಿಂತಾ ಮೊದಲ ಹಿತ್ತಲದಾಗ ನಿಂತು, ಯಾರೂ ನೋಡಲಾರದಂಗ ಚಹಾ ಕುಡಿಯಾಕ ಹತ್ತಿದ್ರು. ನಾ ನೋಡಿನೂ ನೋಡಲಾರದಂಗ ಇದ್ದೆ, ಯಾಕಂದ್ರ ನನ್ನ ಕೈಯಾಗೂ ಕಪ್ಪು ಇತ್ತು.

ನಮ್ಮದು ಒಂದ ಎಮ್ಮಿ. ಇದ್ದ ಹಾಲೆಲ್ಲಾ ಚಹಾಕ್ಕ ಹೋತು. ಹೆಪ್ಪು ಹಾಕೂದು ನಿಂತು. ಕಡಗೋಲಿಗೆ ಜ್ಯಾಡ ಕಟ್ಟಿತು.

ಈಗ ನಮ್ಮ ಓಣಿ ಪದ್ಧತಿ ಹೇಳ್ತೇನಿ ಕೇಳ್ರಿ. ಹಾಲು ಮಾರಬಹುದು, ಬೆಣ್ಣಿ ಮಾರಬಹುದು, ಮಜ್ಜಿಗಿ ಮಾತ್ರ ಮಾರಂಗಿಲ್ಲ. ತಂಬಿಗಿ ಹಿಡಕೊಂಡ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಂಗಿಲ್ಲ. ಇಲ್ಲ ಅನ್ನಾಕ ಒಂದ ಕಾರಣ ನಡೀತೈತಿ, ಅದು ಎಮ್ಮಿ ಬತ್ತಿದ್ರ ಅಷ್ಟ.

ಬಾಜೂ ಮನಿ ಹಣಮವ್ವ ಕುರಿ ಕಾಯೂ ಮನತನದಾಕಿ. ಅವರ ಹಿಂಡು ಮೈದುನನ ಜೋಡಿ ದೂರ ಮೇಯಾಕ ಹೋಗಿತ್ತು. ಮನ್ಯಾಗ ಗಂಡ ಖಂಡೆಪ್ಪ ಹೊಟ್ಟಿ ಕೆಟ್ಟು, ನಿತ್ರಾಣ ಆಗಿ ಮಲಗಿದ್ದ. ಅವಂಗ ನುಚ್ಚಿನ ಗಂಜಿ, ತೆಳ್ಳನ ಮಜ್ಜಿಗಿ ಕೊಡ್ರಿ ಅಂತ ದವಾಖಾನಿ ನರ್ಸಬಾಯಿ ರಾಯವ್ವಾರು ಹೇಳಿದ್ರು. ಹಣಮವ್ವ ತಂಬಿಗಿ ತಗೊಂಡ ಬಂದ್ಲು. ಒಲಿ ಮ್ಯಾಲ ಹಾಲು ಇತ್ತು. ಹೆಪ್ಪು ಹಾಕಿ ನಾಳಿಗೆ ಕೊಡ್ತೇನಿ ಅಂದಿದ್ರ ಸಾಕಿತ್ತು. ಆದ್ರ ನಾಳಿನ ಚಹಾ ಹೋಗತೈತಲ್ಲ.

"ಎಮ್ಮಿ ಬತ್ತೇತಿ ಹಣಮಕ್ಕಾ" ಅಂದೆ.

ಆಕಿ ನಂಬಿದ್ಲು. ಎದಿ ಮ್ಯಾಲ ಕೈ ಇಟ್ಕೊಂಡು, ಪಾಪ, ಇಷ್ಟ ಲಗೂನ ಯಾಕ ಬತ್ತಿತು, ಯಾರದರ ದೃಷ್ಟಿ ಆಗಿರಬೇಕು ಅಂತ ಮರಗಿ, ಬರೇ ತಂಬಿಗಿ ತಗೊಂಡ ಹೋದ್ಲು.

ಮೂರು ದಿನ ಬಿಟ್ಟು, ಸಂಜಿಮುಂದ ಮತ್ತ ಬಂದ್ಲು. ತಲಿ ಮ್ಯಾಲ ಹಸೀ ಹುಲ್ಲಿನ ಹೊರಿ. ಸೆರಗಿನ ತುದ್ಯಾಗ ಗಂಟು. ಬೇನೆ ಬಿದ್ದ ಗಂಡನ್ನ ಬಿಟ್ಟು, ಬೀರಪ್ಪನ ಗುಡಿಗೆ ಹೋಗಿ, ನಮ್ಮ ಎಮ್ಮಿ ಹಣಿಗೆ ಹಚ್ಚಾಕ ದೇವರ ಅರಿಷಿಣ, ಭಂಡಾರ, ಬೇಡಿ ತಂದಿದ್ಲು. ಅದ ಹೊತ್ತಿಗೆ ನಮ್ಮತ್ತಿ ಎಮ್ಮಿ ಕೆಳಗ ಕುಂತು ಹಾಲ ಹಿಂಡಾಕತ್ತಿದ್ರು. ಚರಿಗ್ಯಾಗ ಹಾಲು ಬೀಳೂ ಸಪ್ಪಳ ಬಾಗಿಲ ತನಕಾ ಕೇಳ್ತಿತ್ತು. ಒಳಗ ಚಹಾ ಕುದಿಯೂ ವಾಸನಿ.

ಹಣಮವ್ವ ತಲಿ ಮ್ಯಾಲಿನ ಹೊರಿ ಕೆಳಗ ಇಳಿಸಿದ್ಲು. ಆಮ್ಯಾಲ ಸಣ್ಣಗ ಅಂದ್ಲು, "ನಮ್ಮ ಬೀರಪ್ಪ ಭಾಳ ಸತ್ಯುಳ್ಳಾಂವ ನೋಡ್ರಿ. ನಾ ಭಂಡಾರ ಇನ್ನೂ ಹಚ್ಚೇ ಇಲ್ಲ, ಎಮ್ಮಿ ಹಾಲ ಕೊಡಾಕತ್ತೈತಿ."

ನಮ್ಮತ್ತಿ ಕೈ ನಿಂತು ಬಿಡ್ತು. ನನಗ ನೆಲಾ ಬಾಯಿ ತಗದ್ರ ಚಲೋ ಅನಸ್ತು. ಹಣಮವ್ವ ಬೈಲಿಲ್ಲ. ಎಮ್ಮಿದೇನ ತಪ್ಪು ಅಂತ ಹೊರಿ ಬಿಚ್ಚಿ ಹುಲ್ಲು ಗ್ವಾದಲಿಗೆ ಹಾಕಿ, ಭಂಡಾರ ಕಟ್ಟಿ ಮ್ಯಾಲ ಇಟ್ಟು ಹೋದ್ಲು. ಮರುದಿನದಿಂದ ನಮ್ಮ ಬಾಗಿಲಿಗೆ ಬರಲಿಲ್ಲ. ಕೆಳಗಿನ ಓಣಿಗೆ ಹೋಗಿ ಮಜ್ಜಿಗಿ ತರತಿದ್ಲು. ನಮ್ಮ ಮನಿ ಮುಂದ ಬರೂ ಮುಂದ ತಂಬಿಗಿ ಸೆರಗಿನಾಗ ಮುಚ್ಕೊಂತಿದ್ಲು, ಯಾರಾರ ನೋಡಿ ನಮಗ ಏನರ ಅಂದಾರು ಅಂತ. ಅದು ಬೈಗುಳಕಿಂತಾ ಜೋರ ಹತ್ತಿತ್ತು.

ಆ ನಾಚಿಕಿಗೆ ಪುಡಿ ಡಬ್ಬಿ ತಿಪ್ಪಿಗೆ ಸುರುವಿದ್ವಿ. ಇನ್ನ ಚಹಾ ಇಲ್ಲಂದ್ರ ಇಲ್ಲ. ಮರುದಿನ ಹೊತ್ತ ಏರೂದರೊಳಗ ನಮ್ಮತ್ತಿಗೆ ತಲಿ ಬ್ಯಾನಿ ಶುರು ಆತು, ವಾಂತಿ ಆತು, ಹಾಸಿಗಿ ಹಿಡದ್ರು. ನನಗೂ ಕಣ್ಣ ತೆರಿಯಾಕ ಆಗವಲ್ದು, ಮನಿಯವರು ಎಲ್ಲಾರ ಮ್ಯಾಲೂ ಒದರ್ಯಾಡಾಕತ್ತಿದ್ರು. ಬೀರಪ್ಪ ಮುನದಾನ, ಸುಳ್ಳ ಹೇಳಿ ಭಂಡಾರ ತರಿಸಿದ್ದಕ್ಕ ಹಿಂಗ ಆತು ಅಂತ ನಮ್ಮತ್ತಿ ಅಳಾಕತ್ತಿದ್ರು. ಮನಿಯವರು ಹೋಗಿ ಮತ್ತ ಪುಡಿ ತಂದ್ರು. ಒಂದ ಕಪ್ಪು ಕುಡದಿದ್ದ ತಡಾ, ಬ್ಯಾನಿ ಇಳೀತು. ಈ ಚಹಾ ಚಟ ಅಲ್ಲ, ಔಷಧ ಅಂತ ನಮ್ಮತ್ತಿ ಗಟ್ಟಿ ಹಿಡದ್ರು.

ಅವತ್ತ ಖಂಡೆಪ್ಪನ್ನ ನೋಡಾಕ ರಾಯವ್ವಾರು ಬಂದಿದ್ರು. ನಾ ಹೋಗಿ ಕರಕೊಂಡ ಬಂದೆ. ಎಲ್ಲಾ ಕೇಳಿ ಅವರು ನಮ್ಮತ್ತಿ ಬಾಜೂಕ ಕುಂತ್ರು.

"ಅಕ್ಕವ್ವಾರ, ಇದು ದೇವರು ಕೊಟ್ಟ ಬ್ಯಾನಿ ಅಲ್ರಿ, ಚಹಾ ಕೊಟ್ಟ ಬ್ಯಾನಿ. ದಿನಾ ಕುಡದು ಕುಡದು ಮೈ ಅದಕ್ಕ ಒಗ್ಗೇತಿ. ಸಿಗದಿದ್ರ ತಲಿ ಹಿಡದು ಬೇಡ್ತೈತಿ, ಸಿಕ್ಕ ಕೂಡಲೇ ಸುಮ್ನ ಆಗತೈತಿ. ಬ್ಯಾನಿ ಹಚ್ಚೂದೂ ಅದ, ಬಿಡಿಸೂದೂ ಅದ."

"ಮತ್ತ ಭಂಡಾರ ಮನಿಗೆ ಬಂದ ಮ್ಯಾಲ ಯಾಕ ಬಂತವಾ?" ಅಂದ್ರು ನಮ್ಮತ್ತಿ.

ಅದಕ್ಕಿಂತ ಮೊದಲ ಹಿಂಗ ಎಂದೂ ಆಗಿಲ್ಲೇನು ಅಂತ ರಾಯವ್ವಾರು ಕೇಳಿದ್ರು. ನಮ್ಮತ್ತಿ ಇಲ್ಲ ಅಂದ್ರು. ನನಗ ನೆನಪಾತು. ದೀಪಾವಳಿಗೆ ನಮ್ಮತ್ತಿ ಕಣಗಲಾ ಊರಾಗಿನ ಮಗಳ ಮನಿಗೆ ಹೋದಾಗ ಎರಡನೇ ದಿನಕ್ಕ ಇದ ತಲಿಬ್ಯಾನಿ, ಇದ ವಾಂತಿ. ಆ ಮನ್ಯಾಗ ಯಾರೂ ಚಹಾ ಕುಡಿಯಂಗಿಲ್ಲ. ಬೀಗರ ಅಡಿಗಿಗೆ ಹೆಸರಿಟ್ಟು, ಎರಡ ದಿನ ಮೊದಲ ಗಾಡಿ ಹೂಡಿಸ್ಕೊಂಡ ಬಂದಿದ್ರು. ನಾ ಇದನ್ನ ಹೇಳಿದೆ. ನಮ್ಮತ್ತಿ ಮುಖಾ ತಗ್ಗಿಸಿದ್ರು.

ಆಗ ರಾಯವ್ವಾರು ತಮ್ಮ ಮಾತ ಹೇಳಿದ್ರು. "ನನಗೂ ಧಾರವಾಡದಾಗ ಕಲಿಯೂ ಮುಂದ ಕಾಪಿ ಕುಡಿಯೂ ಚಟಾ ಹತ್ತಿತ್ರಿ. ಒಮ್ಮೆ ಬಾಣಂತಿ ಒಬ್ಬಾಕಿ ನೀರ ಕೇಳಾಕತ್ತಿದ್ಲು. ನಾ ಕಪ್ಪು ಮುಗಿಸಿ ಎದ್ದೆ. ಆಕಿ ಮುಖಾ ಇನ್ನೂ ಕಣ್ಣ ಮುಂದ ಐತಿ."

ಆಕಿಗೇನೂ ಆಗಿರಲಿಲ್ಲಂತ. ಆದ್ರೂ ಅವತ್ತಿನಿಂದ ಬಿಡಾಕ ಶುರು ಮಾಡಿದ್ರು, ತಿಂಗಳಾ ಹಿಡೀತು. ಒಮ್ಮೆಲೇ ಬಿಡಬ್ಯಾಡ್ರಿ ಅಂದ್ರು. ಮೊದಲ ಎಣಿಸ್ರಿ. ಐದ ಸಲ ಇದ್ರ ಒಂದ ವಾರ ನಾಕು, ಮುಂದಿನ ವಾರ ಮೂರು, ಹಿಂಗ ಇಳಿಸ್ರಿ, ಪುಡೀನೂ ಕಡಿಮಿ ಮಾಡ್ರಿ. ಮೊದಲ ಸಂಜಿದು ಬಿಡ್ರಿ, ನಿದ್ದಿ ಚಲೋ ಬರ್ತೈತಿ. ಕುಡಿಯೂ ಹೊತ್ತಿಗೆ ಕೈ ತಡವರಿಸಿದ್ರ ಅಂಬಲಿ ಕುಡೀರಿ, ನೀರ ಕುಡೀರಿ. ಸ್ವಲ್ಪ ತಲಿ ನೋಯ್ತೈತಿ, ನಾಕ ದಿನ ಇದ್ದು ಹೋಗತೈತಿ, ಅಂಜಬ್ಯಾಡ್ರಿ ಅಂದ್ರು.

ನಾವು ಗ್ವಾಡಿಗೆ ಇದ್ದಲಿಲೆ ಗೀಟು ಹಾಕಿ ಎಣಿಸಿದ್ವಿ. ಮೂರೂ ಮಂದಿದು ಕೂಡಿ ದಿನಕ್ಕ ಹದಿನಾರು! ನಡು ಒಮ್ಮೆ ನಾ ಕದ್ದು ಕುಡದೆ, ಅದನ್ನೂ ಗೀಟು ಹಾಕಿದೆ. ಐದನೇ ವಾರ ನಮ್ಮತ್ತಿ ಜಳಕಾ ಮಾಡಿ, ಪೂಜಿ ಮುಗಿಸಿ, ಆಮ್ಯಾಲ ನೀರ ಕುಡದ್ರು. ಅಷ್ಟಾಗಿ ನನ್ನ ಕಡೆ ನೋಡಿದ್ರು. ಮನಿಯವರು ಮುಂಜಾನೆ ಒಂದು ಇನ್ನೂ ಬಿಟ್ಟಿಲ್ಲ, ಯುಗಾದಿಗೆ ಬಿಡ್ತೇನಿ ಅಂದಾರ.

ಹೆಪ್ಪು ಹಾಕಿದ್ವಿ. ಕಡಗೋಲು ತೊಳದ್ವಿ. ಮಜ್ಜಿಗಿ ಆತು, ಕೇಳವರ ಇಲ್ಲ. ಮಜ್ಜಿಗಿ ಹೊತಗೊಂಡು ಹೋಗಿ ಕೊಡೂದು ನಮ್ಮಲ್ಲಿ ಪದ್ಧತಿ ಅಲ್ಲ. ಆದ್ರ ನಮ್ಮತ್ತಿ ತಲಿ ಮ್ಯಾಲ ಸೆರಗ ಹೊತ್ತು, ಗಡಿಗಿ ಎತ್ಕೊಂಡು, ನಡಿ ಅಂದ್ರು. ಖಂಡೆಪ್ಪ ಆರಾಮ ಆಗಿ ಕಟ್ಟಿ ಮ್ಯಾಲ ಕುಂತು ಹಗ್ಗಾ ಹೊಸ್ಯಾಕತ್ತಿದ್ದ. ನಮ್ಮ ಮಜ್ಜಿಗಿ ಬೇಕಾದಾಗ ಸಿಗಲಿಲ್ಲ, ಬ್ಯಾಡಾದಾಗ ಬಂತು.

ಹಣಮವ್ವ ಹೊರಗ ಬಂದ್ಲು. ಗಡಿಗಿ ನೋಡಿ, ನಮ್ಮ ಮಾನ ಉಳಿಸಾಕನ ಕೇಳಿದ್ಲು, "ಎಮ್ಮಿ ಮತ್ತ ಕರಾ ಈದೇತೇನ್ರಿ ಅಕ್ಕವ್ವಾರ?"

ಹೌದು ಅಂದಿದ್ರ ಮುಗೀತಿತ್ತು. ನಮ್ಮತ್ತಿ ನನ್ನ ಕಡೆ ನೋಡಿದ್ರು. ಸುಳ್ಳ ಹೇಳಿದಾಕಿ ನಾನ ಅಲ್ಲ?

"ಎಮ್ಮಿ ಬತ್ತಿರಲಿಲ್ಲ ಹಣಮಕ್ಕಾ. ಹಾಲ ನಮ್ಮ ಚಟಾ ಕುಡದಿತ್ತು."

ಆಕಿ ಗಡಿಗಿ ತಗೊಳ್ಳಲಿಲ್ಲ. "ಇವತ್ತಿಂದು ತಿರುಗಿ ಒಯ್ಯಿರಿ" ಅಂದ್ಲು. ನಾವು ಗಡಿಗಿ ಹೊತ್ತು ತಿರುಗಿ ಬಂದ್ವಿ, ಓಣ್ಯಾಗಿನ ಮಂದಿ ನೋಡಾಕತ್ತಿದ್ರು. ಮರುದಿನ ಮುಂಜಾನೆ ನಾ ಕಡಿಯಾಕ ಕುಂತಾಗ ಬಾಗಿಲದಾಗ ನೆರಳ ಬಿತ್ತು. ಹಣಮವ್ವ ನಿಂತಿದ್ಲು, ತಂಬಿಗಿ ಸೆರಗಿನ ಹೊರಗ ಹಿಡಕೊಂಡು.

ಅವ್ವಂದಿರಾ, ಚಹಾ ಇರಲಿ, ಕಾಪಿ ಇರಲಿ, ಒಂದ ಹೊತ್ತ ತಪ್ಪಿದ್ರ ತಲಿ ಸೀಳಾಕತ್ತಿತಂದ್ರ ನೀವು ಅದನ್ನ ಕುಡಿಯವಲ್ಲಿರಿ, ಅದು ನಿಮ್ಮನ್ನ ಕುಡಿಯಾಕತ್ತೈತಿ. ಇವತ್ತ ಮನಿಗೆ ಹೋಗಿ ಗ್ವಾಡಿ ಮ್ಯಾಲ ಗೀಟು ಹಾಕಿ ಎಣಿಸ್ರಿ. ಕೂಸುಗಳಿಗೆ ಕೊಡಬ್ಯಾಡ್ರಿ, ಬಸರಿ ಹೆಂಗಸರು ಕಡಿಮಿ ಮಾಡ್ರಿ. ವಾರಕ್ಕೊಂದ ಇಳಿಸ್ರಿ. ಕೆಳಗ ಇಟ್ಟ ಕಡಗೋಲು ಮತ್ತ ಕೈಯಾಗ ಹಿಡೀರಿ, ನಿಮ್ಮ ಬಾಗಿಲಿಗೂ ಯಾರೋ ತಂಬಿಗಿ ಹಿಡಕೊಂಡ ಬರವರು ಇದ್ದಾರು.