ಸೋಮವಾರದ ತೀರ್ಥ

“ಇದು ಯಾವಾಗ ನಿಂತಿದ್ದು?”

ವೀರಭದ್ರಯ್ಯನವರು ಕೇಳಿದ್ದು ಯಾರನ್ನೂ ಅಲ್ಲ. ತಂತಿಬೇಲಿಯಾಚೆ ಪಟ್ಟಣದ ಹೊಲಸು ನೀರು ದೊಡ್ಡ ತೊಟ್ಟಿಯಲ್ಲಿ ಕದಲದೆ ಮಲಗಿತ್ತು. ಅದನ್ನು ಕಡೆದು ಶುದ್ಧ ಮಾಡಬೇಕಾದ ಚಕ್ರಗಳಿಗೆ ತುಕ್ಕು ಹಿಡಿದಿತ್ತು. ಒಂದರ ಮೇಲೆ ಬೆಳ್ಳಕ್ಕಿ ಕೂತಿತ್ತು. ತೊಟ್ಟಿಯ ಬದಿ ಒಡೆದು ತೆಗೆದ ಕಾಲುವೆಯಲ್ಲಿ ಕರಿನೀರು ಸದ್ದಿಲ್ಲದೆ ಹಳ್ಳಕ್ಕೆ ಇಳಿಯುತ್ತಿತ್ತು.

ಬೇವಿನ ನೆರಳಲ್ಲಿ ಬೀಡಿ ಸೇದುತ್ತಿದ್ದ ಕಾವಲುಗಾರ ದುರುಗಣ್ಣ, ತನ್ನನ್ನೇ ಕೇಳಿದರೆಂದು ಎದ್ದು ಬಂದ.

“ಮೋಟಾರು ಸುಟ್ಟಿದ್ದು ದೀಪಾವಳಿಗೂ ಮುಂಚೇರಿ, ಸ್ವಾಮ್ಯಾರ. ರಿಪೇರಿಗೆ ಒಯ್ದೋರು ತಿರುಗಿ ಬಂದಿಲ್ಲ. ಪಟ್ಟಣದೋರ ಹೊಟ್ಟಿ ಅಲ್ಲೀತನ ಕಾಯ್ತೈತೇನ್ರಿ? ತೊಟ್ಟಿ ತುಂಬ್ತು. ಹಳ್ಳಕ್ಕ ಬಿಡು ಅಂದ್ರು, ಬಿಟ್ಟೆ.”

“ಕೆಳಗ ನಮ್ಮೂರು ಐತಲ್ಲೋ.”

“ನಿಮ್ಮೂರಾಗ ಬೋರು ಐತಲ್ರಿ. ಹಳ್ಳದ ನೀರು ಈಗ ಯಾರು ಕುಡೀತಾರ?”

ವೀರಭದ್ರಯ್ಯ ಊರಿನ ದಾರಿ ಹಿಡಿದರು.

ಕುಡಿಯಲು ಬೋರಿನ ನೀರಿತ್ತು, ನಿಜ. ದೇವರಿಗೆ ಮಾತ್ರ ಕೊಳವೆಯ ನೀರು ಸಲ್ಲದು, ಒಲೆ ಕಂಡ ನೀರೂ ಸಲ್ಲದು ಎಂಬುದು ಊರ ಗುಡಿಯ ಪೂಜೆ ನಡೆಸಿಕೊಂಡು ಬಂದ ಅವರ ಮನೆತನದ ನೇಮ. ಬೆಳಕು ಹರಿಯುವ ಮುನ್ನ ಹಳ್ಳದ ಉಸುಕು ತೋಡಿ, ಒರತೆ ತಿಳಿಯಾಗುವವರೆಗೆ ಪಂಚಾಕ್ಷರಿ ಹೇಳುತ್ತ ಕೂತು, ಮಡಿಯಲ್ಲಿ ಕೊಡ ತುಂಬಿ ತರಬೇಕು. ಪಟ್ಟಣದ ಗಟಾರ ಹಳ್ಳಕ್ಕೆ ಬೀಳತೊಡಗಿದ ಮೇಲೆ ಅವರು ವರ್ಷಗಟ್ಟಲೆ ದೂರದ ತೋಟದ ಬಾವಿಗೆ ನಡೆದಿದ್ದರು. ಎರಡು ಸಾವಿರದ ಇಸವಿಗೆ ಈ ಶುದ್ಧೀಕರಣ ಘಟಕ ಬಂತು. ಉದ್ಘಾಟನೆಯ ದಿನ ಎಂಜಿನಿಯರು ಗಾಜಿನ ಲೋಟದಲ್ಲಿ ತಿಳಿನೀರು ಎತ್ತಿ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ವೀರಭದ್ರಯ್ಯ ಕೈ ಮುಗಿದರು. ಮರುದಿನವೇ ಹಳ್ಳಕ್ಕೆ ಮರಳಿದರು.

ಈ ಚಳಿಗಾಲದಲ್ಲಿ ಹಳ್ಳ ಕಪ್ಪಗಾದದ್ದನ್ನು ಅವರು ಕಂಡಿರಲಿಲ್ಲವೆಂದಲ್ಲ. ಮೇಲೆ ಯಾರೋ ನಾರಿಗಾಗಿ ಪುಂಡಿಕಟ್ಟಿಗೆ ನೆನೆಹಾಕಿದ್ದಾರೆ, ವರ್ಷವೂ ಇದೇ ಬಣ್ಣ, ಇದೇ ನಾತ ಎಂದುಕೊಂಡಿದ್ದರು. ಉಸುಕಿನೊಳಗಿಂದ ಬಂದ ಒರತೆಯಂತೂ ಕನ್ನಡಿಯ ಹಾಗಿತ್ತು.

ಮೊಮ್ಮಗಳು ಕೊಟ್ರಮ್ಮ, ಮೂರು ವರ್ಷದವಳು, ಪೂಜೆ ಮುಗಿಯುವುದನ್ನೇ ಕಾಯುತ್ತ ಗುಡಿಯ ಹೊಸ್ತಿಲಲ್ಲಿ ಕೂತಿರುತ್ತಿದ್ದಳು. ಒಂದು ಸಲ ತೀರ್ಥ ಹಾಕಿದರೆ ಸಾಲದು. “ಇನ್ನೊಂಚೂರು, ಅಜ್ಜ.” ಆ ಮಾತಿಗೆ ಕರಗಿ ಅವರು ಬಟ್ಟಲನ್ನೇ ಬಾಯಿಗೆ ಹಿಡಿಯುತ್ತಿದ್ದರು. ವಾಂತಿಭೇದಿ ಶುರುವಾದ ದಿನವೂ ಅದನ್ನೇ ಕುಡಿಸಿದರು, ಔಷಧಿಯೆಂದು. ಹರಪನಹಳ್ಳಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸು ಅವರ ತೊಡೆಯ ಮೇಲೆ ತಣ್ಣಗಾಗಿತ್ತು.

“ಇದು ನೀರಿಂದ ಬಂದಿದ್ದು. ಏನು ಕುಡಿಸ್ತಿದ್ರಿ?” ಎಂದು ಆಸ್ಪತ್ರೆಯ ನರ್ಸು ಕೇಳಿದ್ದಳು.

“ಬೋರಿನ ನೀರು, ಕಾಸಿ ಆರಿಸಿದ್ದು. ಬ್ಯಾರೆ ಹನಿ ಮುಟ್ಟಿಸಿಲ್ಲ” ಎಂದಿದ್ದಳು ಕೂಸಿನ ತಾಯಿ, ಅವರ ಮಗಳು ಸುಮಲತಾ. ತೀರ್ಥ ಅವಳ ಪಾಲಿಗೆ ನೀರೇ ಆಗಿರಲಿಲ್ಲ.

ಮಣ್ಣು ಮಾಡಿ ಬಂದಂದಿನಿಂದ ಆ ನರ್ಸಿನ ಮಾತು ಅವರನ್ನು ಬಿಟ್ಟಿರಲಿಲ್ಲ. ಈ ಬೆಳಿಗ್ಗೆ ಅಭಿಷೇಕ ಮುಗಿಸಿದವರೇ ಹಳ್ಳದ ಗುಂಟ ಮೇಲಕ್ಕೆ ನಡೆದುಬಿಟ್ಟಿದ್ದರು.

ಇಳಿಹೊತ್ತಿಗೆ ಊರು ಸೇರಿದಾಗ ಸುಮಲತಾ ಗುಡಿಯಲ್ಲಿ ಕಾದಿದ್ದಳು. ಸೋಮವಾರದ ಉಪವಾಸ, ತೀರ್ಥ ತಗೊಳ್ಳದೆ ಬಾಯಿಗೆ ಏನೂ ಹಾಕುವವಳಲ್ಲ. ಬೆಳಗಿನ ಅಭಿಷೇಕದ ನೀರು ತಾಮ್ರದ ಬಟ್ಟಲಲ್ಲಿ ಬಿಲ್ವದೆಲೆ ತೇಲಿಸಿಕೊಂಡು ತಿಳಿಯಾಗಿ ನಿಂತಿತ್ತು.

“ಎಲ್ಲಿಗೆ ಹೋಗಿದ್ರಿ, ಅಪ್ಪಾಜಿ? ಹೊತ್ತು ಮುಳುಗಾಕ ಬಂತು.” ಸೆರಗು ಹೊದ್ದು ಬೊಗಸೆ ಒಡ್ಡಿದಳು. “ಎರಡು ಸಲ ಹಾಕ್ರಿ. ಒಂದು ಅಕೀದು.”

ವೀರಭದ್ರಯ್ಯ ಬಟ್ಟಲನ್ನು ಎತ್ತಿ ಎದೆಗೆ ಒತ್ತಿಕೊಂಡರು. ನೀರು ತುಳುಕಿ ಶಲ್ಯ ತೊಯ್ದಿತು. ಯಾಕೆಂದು ಹೇಳಿದರೆ ಮಗಳು ಈ ಕೈಯನ್ನು ಮತ್ತೆ ಹೇಗೆ ನೋಡಿಯಾಳು?

“ಕೊಡ್ರಿ, ಅಪ್ಪಾಜಿ. ಕೂಸಿನ ಪಾಲು ಯಾಕ ತಪ್ಪಸ್ತೀರಿ?”

“ಕೊಡಾಂಗಿಲ್ಲ, ಸುಮಾ” ಎಂದರು ಅವರು. “ನಿನಗೂ ಇಲ್ಲ, ಯಾರಿಗೂ ಇಲ್ಲ. ಕೊಡಾಂಗಿಲ್ಲ.”