ಗಾಜಿನ ಬೀರುವಿನಲ್ಲಿ ಜಾಗ

ಕಾಲು ಸ್ವಾಧೀನ ತಪ್ಪಿದಾಗ ಮೇಸ್ತ್ರಿ ಗಾಲಿಕುರ್ಚಿ ತರಿಸಿಕೊಂಡು ಕೂತ, ಅಷ್ಟೆ. ಯಾರ ಮುಂದೆಯೂ ಗೋಳಾಡಲಿಲ್ಲ. ಕೈ ನಡುಗಲು ಶುರುವಾದ ದಿನ ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡ. ಸಂಜೆ ಬಾಗಿಲು ತೆಗೆದವನೇ ಅಡುಗೆಮನೆಯ ಕಡೆ ತಿರುಗಿ ಸೊಸೆಯನ್ನು ಕೂಗಿದ.

“ಬಾ ಇಲ್ಲಿ. ಕೈ ಚಾಚು.”

ಅವಳು ಒದ್ದೆ ಕೈ ಒರೆಸಿಕೊಂಡು ಚಾಚಿದಳು. ದನ ಕೊಳ್ಳುವವನು ಹಲ್ಲು ನೋಡುವ ಹಾಗೆ ಮುದುಕ ಬೆರಳುಗಳನ್ನು ಒಂದೊಂದಾಗಿ ತಿರುವಿ ನೋಡಿದ. ಆಮೇಲೆ ಒಂದು ಮುಚ್ಚಳದ ತುಂಬ ನೀರು ಹಾಕಿಸಿ ಅವಳ ಮುಂಗೈ ಮೇಲೆ ಇಡಿಸಿದ. ನೀರು ಅಲುಗಲಿಲ್ಲ.

“ಸಾಕು. ತಲೆ ನಂದು, ಕೈ ನಿಂದಿರಲಿ.”

ದುಡಿಯುವ ಕಾಲದಲ್ಲಿ ಮೇಸ್ತ್ರಿ ಗ್ಯಾರೇಜಿನಲ್ಲಿ ದೊಡ್ಡ ಕಾರುಗಳಿಗೆ ಬಣ್ಣ ಹೊಡೆದವನು. ಮನೆಗೆ ಬಂದರೆ ಪುಟ್ಟ ಕಾರು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ, ಅಂಗೈ ಮೇಲೆ ನಿಲ್ಲುವಂಥ ಕಾರು ಮಾಡಿ, ಅದಕ್ಕೆ ಸ್ಪ್ರೇ ಡಬ್ಬಿಯಿಂದ ಬಣ್ಣ ಹಾಕುವುದು ಅವನ ಹುಚ್ಚು. ಬಣ್ಣವೆಂದರೆ ಅಂಗಡಿಯಲ್ಲಿ ಈಗ ಸಿಗುವ ಬಣ್ಣವಲ್ಲ. “ಇದು ಬಣ್ಣಾನಾ? ಬಣ್ಣ ತೊಳೆದ ನೀರು,” ಎಂದು ಮೂಗು ಮುರಿಯುತ್ತಿದ್ದ. ಅವನ ಕಬ್ಬಿಣದ ಕಪಾಟಿನಲ್ಲಿ ಇದ್ದದ್ದು ಎಂದೋ ಬಾಗಿಲು ಹಾಕಿದ ಕಂಪನಿಯ ಹಳೆಯ ಡಬ್ಬಿಗಳು. ತಳಕ್ಕೆ ತುಕ್ಕು ಹಿಡಿದಿದ್ದರೂ ಒಳಗಿನ ಬಣ್ಣ ಮಾತ್ರ ಕಣ್ಣು ಕುಕ್ಕುವಂಥದ್ದು.

ಅಂಥ ಡಬ್ಬಿಗೆ ಬಾಣಂತಿಗೆ ಮಾಡುವಷ್ಟು ಉಪಚಾರ ಬೇಕು. ಬಿಸಿನೀರಿನಲ್ಲಿ ಕೂರಿಸಬೇಕು, ಆದರೆ ಕೈ ತಾಳುವಷ್ಟೇ ಬಿಸಿ. ಹೆಚ್ಚಾದರೆ ಸಿಡಿದು ಮುಖವೇ ಹೋದೀತು. ತಳಕ್ಕೆ ಅಂಟಿ ಕೂತ ಬಣ್ಣ ಬಿಟ್ಟುಕೊಂಡು ಒಳಗಿನ ಗುಂಡು ಗಲಗಲ ಎನ್ನುವವರೆಗೆ ಕುಲುಕಬೇಕು. ಮೂತಿ ಕಟ್ಟಿದ್ದರೆ ಥಿನ್ನರಿನಲ್ಲಿ ನೆನೆಹಾಕಬೇಕು. ಮೊದಲ ಉಗುಳು ಕಾರಿನ ಮೇಲೆ ಬೀಳಬಾರದು. ಇಷ್ಟೆಲ್ಲ ಮಾಡಿದರೂ ಒಳಗೆ ಗ್ಯಾಸು ಎಷ್ಟು ಉಳಿದಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಕಾರಿನ ಅರ್ಧದಲ್ಲಿ ಉಸಿರು ಬಿಟ್ಟರೆ ಬಿಟ್ಟಿತು.

ಸೊಸೆ ಇದನ್ನೆಲ್ಲ ಬೈಗುಳದ ಜೊತೆಗೇ ಕಲಿತಳು.

“ಗೋಡೆಗೆ ಸುಣ್ಣ ಬಳೀತಿದೀಯಾ? ನಿಮ್ಮಪ್ಪನ ಮನೇಲಿ ಇದನ್ನೇ ಕಲಿಸಿದ್ದಾ?”

“ಕೈ ನಿಲ್ಲಿಸ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ? ನೋಡು, ಸಿಂಬಳ ಇಳಿದ ಹಾಗೆ ಇಳಿದಿದೆ.”

ಅವಳು ಒಣಗಿದ ಮೇಲೆ ತಿಕ್ಕಿ ತೆಗೆದು ಮತ್ತೆ ಹೊಡೆಯುತ್ತಿದ್ದಳು. ವರ್ಷಗಳು ಕಳೆದ ಹಾಗೆ ಬೈಯಲು ಮುದುಕನಿಗೆ ಕಾರಣ ಸಿಗುವುದೇ ಕಷ್ಟವಾಯಿತು. ಆಗ ಕಾರಣವಿಲ್ಲದೆ ಬೈದ.

ನಡುಮನೆಯಲ್ಲಿ ಒಂದು ಗಾಜಿನ ಬೀರು. ಒಳಗೆ ಕನ್ನಡಿಯ ಹಲಗೆಗಳ ಮೇಲೆ ಮೇಸ್ತ್ರಿಯ ಕಾರುಗಳು ಸಾಲಾಗಿ ನಿಂತಿದ್ದವು. ಭಾನುವಾರ ಅದನ್ನು ನೋಡಲೆಂದೇ ವಾಚ್ ರಿಪೇರಿಯವನು ಬರುತ್ತಿದ್ದ. ಅವನಿಗೂ ಇದೇ ಹುಚ್ಚು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದೇ ಕಾರು ನೋಡಿ, “ಈ ವಯಸ್ಸಲ್ಲೂ ಏನು ಕೈ ನಿಮ್ದು ಮೇಸ್ತ್ರಿ!” ಎನ್ನುತ್ತಿದ್ದ. ಮೇಸ್ತ್ರಿ ನಡುಗುವ ಕೈಗಳನ್ನು ಹೊದಿಕೆಯ ಕೆಳಗೆ ಇಟ್ಟುಕೊಂಡು, “ಏನೋ, ಇನ್ನೂ ನಡೀತಿದೆ,” ಎನ್ನುತ್ತಿದ್ದ. ಚಹಾದ ಲೋಟ ಹಿಡಿದು ನಿಂತ ಸೊಸೆಯ ಕಡೆ ಇಬ್ಬರೂ ತಿರುಗುತ್ತಿರಲಿಲ್ಲ. ಕೆಳಗಿನ ಎರಡು ಸಾಲು ಪೂರ್ತಿ ಅವಳ ಕೈಯದೇ.

ಅವಳಿಗೆ ಬೇಕಾಗಿದ್ದದ್ದು ಒಂದೇ. ತನ್ನದು ಎಂದು ಹೇಳಿಕೊಳ್ಳುವಂಥ ಒಂದು ಕಾರು ಆ ಗಾಜಿನ ಹಿಂದೆ ನಿಲ್ಲಬೇಕು. ಆ ಆಸೆಯನ್ನು ಎಷ್ಟೋ ಕಾಲ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದವಳು ಒಂದು ಭಾನುವಾರ, ವಾಚ್ ರಿಪೇರಿಯವನು ಕೂತಿರುವಾಗಲೇ ಬಾಯಿ ಬಿಟ್ಟಳು. ಬೇರೆಯವರ ಎದುರು ಮುದುಕ ದೊಡ್ಡಸ್ತಿಕೆ ಬಿಡುವವನಲ್ಲ ಎಂಬುದು ಅವಳಿಗೆ ಗೊತ್ತಿತ್ತು.

“ಮಾವ, ಮುಂದಿನ ಕಾರು ನಾನೊಬ್ಬಳೇ ಮಾಡ್ಲಾ? ಚೆನ್ನಾಗಿ ಬಂದ್ರೆ ಬೀರುವಿನಲ್ಲಿ ಇಡೋಣ.”

ವಾಚ್ ರಿಪೇರಿಯವನು ಹೋ ಎಂದು ನಕ್ಕ. “ಮಾಡ್ಲಿ ಬಿಡಿ ಮೇಸ್ತ್ರಿ! ಸೊಸೆಯಾದ್ರೂ ನಿಮ್ಮ ವಿದ್ಯೆ ಉಳಿಸ್ಲಿ.”

ಮುದುಕನ ದವಡೆ ಒಂದು ಸಲ ಆಡಿತು. “ಮಾಡ್ಲಿ, ಯಾರು ಬೇಡ ಅಂದ್ರು? ದಾಳಿಂಬೆ ಕೆಂಪು ಹಾಕ್ಲಿ. ನಾನು ತಪ್ಪು ಹುಡುಕ್ತೀನಿ. ಸಿಗದಿದ್ರೆ ಬೀರುವಿನ ನಡುಮಧ್ಯೆ ನಾನೇ ಇಡಿಸ್ತೀನಿ.”

ದಾಳಿಂಬೆ ಕೆಂಪಿನದು ಒಂದೇ ಡಬ್ಬಿ ಉಳಿದಿತ್ತು. ಮುದುಕನೇ ಅದನ್ನು ಮುಟ್ಟಲು ಹೆದರಿ ಕಪಾಟಿನ ಮೂಲೆಯಲ್ಲಿ ಇಟ್ಟಿದ್ದ.

ಸೊಸೆ ಕಾರಿನ ಮೈಯನ್ನು ಸೋಪಿನಲ್ಲಿ ತೊಳೆದಳು. ಅಡಿಗೆ ಬೂದು ಬಣ್ಣದ ಪ್ರೈಮರ್ ಹಾಕಿ, ಒಣಗಿಸಿ, ನಯವಾದ ಉಪ್ಪುಕಾಗದದಲ್ಲಿ ತಿಕ್ಕಿ, ಕೆನ್ನೆಗೆ ತಾಗಿಸಿ ನೋಡಿದಳು. ಹವೆ ಒಣಗಿರುವ ದಿನಕ್ಕೆ ಕಾದಳು, ತಂಡಿ ಇದ್ದರೆ ಹಳೆಯ ಬಣ್ಣಕ್ಕೆ ಬಿಳಿ ಮಂಜು ಕೂರುತ್ತದೆ. ಅಂಥ ದಿನ ಬಂದಾಗ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ಕಾರನ್ನು ಒಂದು ಹಿಡಿಕೆಯ ತುದಿಗೆ ಸಿಕ್ಕಿಸಿ, ಕಿಟಕಿಯ ಬಳಿಯ ಮೇಜಿನ ಮೇಲೆ ಎಲ್ಲ ಅಣಿ ಮಾಡಿದಳು. ಮುದುಕ ಕುರ್ಚಿ ಉರುಳಿಸಿಕೊಂಡು ಬಂದು ಪಕ್ಕದಲ್ಲೇ ಕೂತ.

“ಮೊದಲು ಚಮಚದ ಮೇಲೆ ಹೊಡೆದು ತೋರ್ಸು.”

ಬಣ್ಣ ಪರೀಕ್ಷೆ ಮಾಡಲು ಪ್ಲಾಸ್ಟಿಕ್ ಚಮಚ ಇಟ್ಟುಕೊಳ್ಳುವುದು ಆ ಮೇಜಿನ ಕಟ್ಟಳೆ. ಅವಳು ಒಂದಕ್ಕೆ ಹೊಡೆದಳು. ಬಿಡಿಸಿದ ದಾಳಿಂಬೆ ಕಾಳಿನ ಹಾಗೆ ಬಣ್ಣ ಹೊಳೆಯಿತು.

“ಯಾಕೋ ಮಂಕಾಗಿದೆ. ಇನ್ನೊಂದು ಹೊಡಿ.”

ಇನ್ನೊಂದಕ್ಕೆ ಹೊಡೆದಳು.

“ಊಹೂಂ. ಇನ್ನೊಂದು.”

ಡಬ್ಬಿ ಅವಳ ಕೈಯಲ್ಲಿ ಹಗುರವಾಗುತ್ತ ಬಂದಿತ್ತು. ಮುದುಕ ಚಮಚ ನೋಡುತ್ತಿಲ್ಲ, ಡಬ್ಬಿಯನ್ನೇ ನೋಡುತ್ತಿದ್ದಾನೆ ಎಂಬುದು ಆಗ ಅವಳ ಕಣ್ಣಿಗೆ ಬಿತ್ತು.

“ಚಮಚ ಮುಗೀತು ಮಾವ,” ಎಂದಳು. ಚಮಚಗಳ ಡಬ್ಬ ಅವಳ ಕಾಲ ಬಳಿಯೇ ಇತ್ತು. ಅದನ್ನು ಹಿಮ್ಮಡಿಯಿಂದ ಮೇಜಿನ ಕೆಳಕ್ಕೆ ತಳ್ಳಿದಳು.

ಮೊದಲ ಸುತ್ತು ಮಂಜಿನಷ್ಟು ತೆಳು. ಆಮೇಲೆ ಒಂದು ಗೇಣು ದೂರದಿಂದ, ಕಾರಿನ ಈಚೆ ಶುರುಮಾಡಿ ಆಚೆ ದಾಟಿ ನಿಲ್ಲಿಸುತ್ತ, ಬಾಗಿಲು, ಬಾನೆಟ್ಟು, ಡಿಕ್ಕಿ. ಉಸಿರು ಬಿಗಿಹಿಡಿದು ಟಾಪಿನ ಮೇಲೆ ಕೈ ಆಡಿಸುವ ಹೊತ್ತಿಗೆ ಮುದುಕ ಕಿವಿಯ ಹತ್ತಿರ ಚೀರಿದ: “ಏಯ್! ಒಲೆ ಮೇಲೆ ಏನೋ ಸೀದು ಹೋಗ್ತಿದೆ!”

ಅವಳ ಕೈ ಅದುರಲಿಲ್ಲ. ಆ ಎಳೆ ಮುಗಿಸಿ, ಗುಂಡಿ ಬಿಟ್ಟು, “ಒಲೆ ಹಚ್ಚೇ ಇಲ್ಲ ಮಾವ,” ಎಂದಳು.

ಅಷ್ಟರಲ್ಲಿ ಡಬ್ಬಿ ತೊದಲಿತು. ಟಾಪಿನ ಅರ್ಧ ಇನ್ನೂ ಉಳಿದಿತ್ತು. ಅವಳು ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮತ್ತೆ ಕೂರಿಸಿ, ಎದೆಗೆ ಒತ್ತಿ ಕುಲುಕಿ, ಕೊನೆಯ ಗ್ಯಾಸನ್ನು ಬೇಡಿಕೊಂಡಂತೆ ಗುಂಡಿ ಒತ್ತಿದಳು. ಉದ್ದಕ್ಕೆ ಒಂದೇ ಉಸಿರು ಬಂತು. ಟಾಪು ಮುಚ್ಚಿತು. ಆಮೇಲೆ ಡಬ್ಬಿ ಬರೀ ಗಾಳಿ ಉಗುಳಿ ಸುಮ್ಮನಾಯಿತು.

ಹಸಿ ಬಣ್ಣದಲ್ಲಿ ಕಿಟಕಿಯ ಸರಳುಗಳು ನೆಟ್ಟಗೆ ಕಾಣುತ್ತಿದ್ದವು. ಒಂದು ಇಳಿತವಿಲ್ಲ, ಒಂದು ಧೂಳಿಲ್ಲ. ಮೇಸ್ತ್ರಿ ಬಹಳ ಹೊತ್ತು ನೋಡಿದ. ಅವನ ಮುಖದ ಮೇಲೆ ಮೊದಲು ಬಂದದ್ದು ಸಂತೋಷವೇ. ಸೊಸೆ ಅದನ್ನು ಕಂಡಳು. ಅದು ಬಂದಷ್ಟೇ ಬೇಗ ಹೋಯಿತು.

“ಹತ್ರ ತಾ. ಇನ್ನೂ ಹತ್ರ.”

ಹಿಡಿಕೆಯ ತುದಿಯಲ್ಲಿದ್ದ ಕಾರನ್ನು ಅವಳು ಮುಖದ ಹತ್ತಿರ ಹಿಡಿದಳು. ಮುದುಕ ಯೋಚನೆ ಮಾಡುವವನ ಹಾಗೆ ಹಣೆಗೆ ಕೈ ಹಚ್ಚಿದ. ನಡುಗುವ ಬೆರಳುಗಳು ಹುಬ್ಬನ್ನು ಹಿಡಿದವು, ಎಳೆದವು, ಕಾರಿನ ಮೇಲೆ ಬಂದು ಬಿಡಿಸಿಕೊಂಡವು. ಟಾಪಿನ ನಟ್ಟನಡುವೆ ಒಂದು ಬಿಳಿ ಕೂದಲು ಡೊಂಕಾಗಿ ಮಲಗಿತು.

“ಅಯ್ಯೋ,” ಎಂದ ಮುದುಕ. “ಕೂದಲು ಬಿದ್ದಿದೆಯಲ್ಲಮ್ಮ! ಪಾಪ.”

ಅವಳು ಕಾರನ್ನು ಮೇಜಿನ ಮೇಲೆ ನಿಲ್ಲಿಸಿದಳು. “ಒಣಗ್ಲಿ. ಒಣಗಿದ ಮೇಲೆ ತಿಕ್ಕಿ ತೆಗೀಬಹುದು. ನೀವೇ ಹೇಳಿಕೊಟ್ಟಿದ್ದು.”

“ತೆಗಿ ಆಮೇಲೆ. ನನ್ನ ಕಣ್ಣಿಗೆ ತಪ್ಪು ಬಿತ್ತು, ಮುಗೀತು.”

ಆಗ ಬಾಗಿಲು ತಳ್ಳಿಕೊಂಡು ಅವಳ ಗಂಡ ಬಂದ. ಗೋದಾಮಿನಲ್ಲಿ ಮೂಟೆ ತೂಗುವ ಕೆಲಸ ಅವನದು. ಒಂದೊಂದು ಬೆರಳೂ ಬಾಳೆಕಾಯಿ ಗಾತ್ರ. ಅಪ್ಪ ಅವನನ್ನು ಬೆಪ್ಪ ಎಂದೇ ಕರೆಯುತ್ತಿದ್ದದ್ದು. ಹುಡುಗನಾಗಿದ್ದಾಗ ಒಂದು ಕಾರು ಮುಟ್ಟಿ ಏಟು ತಿಂದ ಮೇಲೆ ಆ ಮೇಜಿನ ಹತ್ತಿರ ಬಂದವನೇ ಅಲ್ಲ. ಇವತ್ತು ಹೆಂಡತಿಯ ಕಾರು ಎಂಬ ಹಿಗ್ಗಿನಲ್ಲಿ ಬಂದುಬಿಟ್ಟ.

“ಆಹಾ, ಏನು ಹೊಳಪೇ! ಅರೆ, ಕೂದಲು...”

“ಮುಟ್ಬೇಡಿ!” ಎಂದಳು ಅವಳು. ಅಷ್ಟರೊಳಗೆ ಅವನು ಎರಡು ಬೆರಳಲ್ಲಿ ಕೂದಲು ಹಿಡಿದಾಗಿತ್ತು. ಕೂದಲು ಬಂತು. ಅದರ ಜೊತೆ ಬಣ್ಣವೂ ಬಂತು. ಟಾಪಿನ ಮೇಲೆ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಉಳಿಯಿತು, ನಡುವೆ ಬೂದು ಪ್ರೈಮರ್ ಕಣ್ಣು ಬಿಟ್ಟು ನೋಡಿತು.

ಮೇಸ್ತ್ರಿ ನಕ್ಕ. ಕುರ್ಚಿಯ ಗಾಲಿ ಕಿರುಗುಟ್ಟುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಭಲೇ ಬೆಪ್ಪಾ! ಹುಟ್ಟಿದಾಗಿಂದ ನೀನು ನನಗೆ ಮಾಡಿದ ಉಪಕಾರ ಇದೊಂದೇ ಕಣೋ.”

ಗಂಡ ಕೆಂಪಾದ ಬೆರಳನ್ನೇ ನೋಡುತ್ತ ನಿಂತ. “ನಾನು... ಸಹಾಯ ಆಗ್ಲಿ ಅಂತ...”

ಅವಳು ಆ ಕಾರನ್ನು ಒಯ್ದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಒಲೆ ಹಚ್ಚಿದಳು.

ಮರುದಿನ ಮುದುಕ ಎಂದಿನಂತೆ ಮೇಜಿನ ಮುಂದೆ ಬಂದು ಕೂತ. ಸೋತವರ ಮುಂದೆ ಅವನಿಗೆ ಧಾರಾಳ ಬರುತ್ತಿತ್ತು. “ಬಾರಮ್ಮ, ಮುಖ ಊದಿಸ್ಕೋಬೇಡ. ನೀಲಿ ಕಾರು ಶುರು ಮಾಡೋಣ.”

“ಇನ್ನು ಮೇಲೆ ಇವರು ಮಾಡ್ತಾರೆ ಮಾವ,” ಎಂದು ಅವಳು ಗಂಡನ ಭುಜ ಹಿಡಿದು ಮೇಜಿನ ಮುಂದೆ ಕೂರಿಸಿದಳು. “ಮಗ ಇರೋವಾಗ ಸೊಸೆ ಯಾಕೆ? ನಿಮ್ಮ ವಿದ್ಯೆ ನಿಮ್ಮ ರಕ್ತದಲ್ಲೇ ಉಳೀಲಿ.”

“ಇವನಾ? ಇವನ ಕೈಗೆ ನನ್ನ ಡಬ್ಬಿ?”

“ಅಪ್ಪ, ಹೇಳ್ಕೊಡಪ್ಪ,” ಎಂದ ಗಂಡ. ನಡುವಯಸ್ಸು ದಾಟುತ್ತಿದ್ದವನ ಮುಖ ಮಗುವಿನದಾಗಿತ್ತು. “ನಿನ್ನೆ ತಪ್ಪಾಯ್ತು. ನೀನು ಹೇಳಿದ ಹಾಗೇ ಮಾಡ್ತೀನಿ.”

ಮುದುಕ ಹೇಳಿಕೊಡಲಿಲ್ಲ, ಬೈದ. ಆ ಬೈಗುಳವನ್ನೇ ಮಗ ಪಾಠವೆಂದು ತಿಳಿದ. ಕಪಾಟಿನ ಬೀಗದ ಕೈ ಸೊಸೆಯ ಹತ್ತಿರವೇ ಇದ್ದದ್ದು. ಅವಳು ಹಳೆಯ ಡಬ್ಬಿಗಳನ್ನು ತಾನೇ ತೆಗೆದು ತಂದುಕೊಟ್ಟಳು. ನೀಲಿ ಡಬ್ಬಿಯ ಮೊದಲ ಉಗುಳು ಬಾನೆಟ್ಟಿನ ಮೇಲೇ ಬಿತ್ತು. ಹಳದಿ ಬಣ್ಣ ಚಕ್ರದವರೆಗೆ ಇಳಿಯಿತು. ಹಸಿರನ್ನು ಒಣಗದ ಬಣ್ಣದ ಮೇಲೆ ಹೊಡೆದದ್ದಕ್ಕೆ ಕಾರು ಮುದುಕನ ಕುತ್ತಿಗೆಯ ಹಾಗೆ ಸುಕ್ಕುಗಟ್ಟಿತು. ಗೋದಾಮಿನಿಂದ ಬಂದ ಸಂಜೆಯೆಲ್ಲ ಗಂಡ ಅಪ್ಪನ ಪಕ್ಕದಲ್ಲೇ. ಮೇಸ್ತ್ರಿ ಕುರ್ಚಿಯ ಕೈ ಹಿಡಿದು ನಡುಗುತ್ತ, “ಸಾಯಿಸಬೇಡ್ವೋ, ಅದು ಮತ್ತೆ ಸಿಗಲ್ಲವೋ!” ಎಂದು ಅರಚುತ್ತಿದ್ದ. ಮಗ, “ಆಯ್ತಪ್ಪ, ಆಯ್ತಪ್ಪ,” ಎಂದು ಮತ್ತೆ ಗುಂಡಿ ಒತ್ತುತ್ತಿದ್ದ.

ಒಂದೊಂದು ಕಾರು ಮುಗಿದಾಗಲೂ ಅವನು ಹೆಂಡತಿಯ ಕಡೆ ನೋಡುತ್ತಿದ್ದ.

“ಹೇಗಿದೆಯೇ?”

“ಚೆನ್ನಾಗಿದೆ ರೀ. ಬೀರುವಿನಲ್ಲಿ ಇಡೋಣ,” ಎನ್ನುತ್ತಿದ್ದಳು. ಅವನ ಮುಖ ಅರಳುವುದನ್ನು ಕಂಡು ಅವಳ ಒಳಗೆ ಏನೋ ಚುರುಕ್ಕೆನ್ನುತ್ತಿತ್ತು. ಅದನ್ನು ಅಲ್ಲೇ ನುಂಗಿಕೊಂಡು, ಮೇಸ್ತ್ರಿಯ ಕೈ ಗಟ್ಟಿಯಿದ್ದ ಕಾಲದ ಒಂದು ಕಾರನ್ನು ಬೀರುವಿನಿಂದ ತೆಗೆದು ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕುತ್ತಿದ್ದಳು. ಆ ಜಾಗದಲ್ಲಿ ಗಂಡನದು ನಿಲ್ಲುತ್ತಿತ್ತು. ಮುದುಕನಿಗೆ ಎದ್ದು ತಡೆಯಲು ಕಾಲಿರಲಿಲ್ಲ.

ಒಂದು ಭಾನುವಾರ ವಾಚ್ ರಿಪೇರಿಯವನು ಭೂತಗನ್ನಡಿ ಏರಿಸಿಕೊಂಡು ಬೀರುವಿಗೆ ಬಗ್ಗಿದವನು ಹಾಗೇ ಹಿಂದೆ ಸರಿದ. “ಮೇಸ್ತ್ರಿ... ಇದು ನಿಮ್ದಾ?” ಎಂದ ಮೆಲ್ಲಗೆ, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ. ಹಿಂದಿನವು ಸೊಸೆಯ ಕೈಯವು ಎಂದು ಒಂದು ಸಲವಾದರೂ ಹೇಳಿದ್ದರೆ, ಇದು ಮಗನ ಕೈಯದು ಎಂದರೆ ಈಗ ಅವನು ನಂಬುತ್ತಿದ್ದ. ಮೇಸ್ತ್ರಿ ಹೊದಿಕೆಯ ಕೆಳಗೆ ಕೈ ಹಿಸುಕಿಕೊಂಡ. ವಾಚ್ ರಿಪೇರಿಯವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಮುಂದಿನ ಭಾನುವಾರ ಬರಲಿಲ್ಲ.

ಕಪಾಟು ಖಾಲಿಯಾಗುತ್ತ ಬಂತು. ಒಂದು ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಮುದುಕ ಅವಳನ್ನು ಕರೆದ. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

“ಆ ಕೆಂಪು ಕಾರು ಇದೆಯೇನಮ್ಮ?”

“ಇದೆ, ಅಡುಗೆಮನೇಲಿ.”

“ತಾ. ಟಾಪು ಒಂದನ್ನ ತಿಕ್ಕಿ ಕರಿ ಬಣ್ಣ ಹಾಕಿದ್ರೆ ಆಯ್ತು, ಹಾಗೂ ಮಾಡ್ತಾರೆ. ಕರೀದು ಒಂದು ಡಬ್ಬಿ ಉಳಿದಿದೆ. ನೀನೇ ಹಾಕು. ನಾನು ಪಕ್ಕದಲ್ಲಿ ಕೂರೋದೂ ಇಲ್ಲ.” ಅವನು ಹೊದಿಕೆಯ ಕೆಳಗಿನಿಂದ ಕೈಗಳನ್ನು ಹೊರಗೆ ತೆಗೆದ. “ಕೂದಲು ನಾನೇ ಹಾಕಿದ್ದು. ನಿನಗೆ ಗೊತ್ತು. ಅಂಥ ಕೆಲಸ ನನ್ನ ಕೈಯಲ್ಲೂ ಆಗಿರ್ಲಿಲ್ಲ ಕಣೇ. ತಾ, ನಡುಮಧ್ಯೆ ಇಡು. ಇವನ್ನೆಲ್ಲ ತೆಗೆದು ಬಿಸಾಕು.”

ಇಷ್ಟು ವರ್ಷ ಕಾದ ಮಾತು ಅದು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಗಾಲಿಕುರ್ಚಿಯ ಹಿಂದೆ ಹೋಗಿ, ಅದನ್ನು ಮೆಲ್ಲಗೆ ತಳ್ಳಿಕೊಂಡು ಬಂದು ಬೀರುವಿನ ಎದುರು ನಿಲ್ಲಿಸಿ, ಗಾಲಿಗೆ ತಡೆ ಹಾಕಿದಳು. ಒಳಗೆ ಉಗುಳು ಬಿದ್ದ ನೀಲಿ, ಸೋರಿದ ಹಳದಿ, ಸುಕ್ಕುಗಟ್ಟಿದ ಹಸಿರು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು.

“ಜಾಗ ಎಲ್ಲಿದೆ ಮಾವ?” ಎಂದಳು. ಸೊಂಟದಲ್ಲಿದ್ದ ಬಟ್ಟೆ ತೆಗೆದು, ಅವನಿಗೆ ಚೆನ್ನಾಗಿ ಕಾಣಲಿ ಎಂದು, ಗಾಜನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದಳು.